ಎರಿ ಮಣ್ಣು, ಸವಳು ಮಣ್ಣು ಮತ್ತು ಬೆಂಟೋನೈಟ್

ನಮ್ಮ ಅಕ್ಕಲಕೋಟ ಸೀಮಿಯಾಗ ಒಕ್ಕಲುತನ ಮಾಡುವವರಿಗೆ ಮಣ್ಣಿನ ಜಾತಿ ಯಾರೂ ಹೇಳಿಕೊಡಬೇಕಾಗಿಲ್ಲ. ಎರಿ ಯಾವುದು, ಮಡ್ಡಿ ಯಾವುದು, ಸವಳು ಯಾವುದು ಅಂತ ಕಾಲಿಗೇ ಗೊತ್ತಾಗುತ್ತದೆ. ಮಳಿಗಾಲದಾಗ ಎರಿ ಹೊಲಕ್ಕೆ ಇಳಿದರ ಒಂದೊಂದು ಕಾಲಿಗೆ ಎರಡೆರಡು ಸೇರು ಮಣ್ಣು ಹತ್ತುತ್ತದೆ. ಬ್ಯಾಸಗಿಯಾಗ ಅದೇ ಹೊಲ ಕರುವಿನ ಕಾಲು ಸಿಗುವಷ್ಟು ದೊಡ್ಡ ಬಿರುಕು ಬಿಡುತ್ತದೆ. ನೀರು ಕುಡಿದಾಗ ಉಬ್ಬುವುದು, ಒಣಗಿದಾಗ ಕುಗ್ಗುವುದು, ಇದು ಎರಿ ಮಣ್ಣಿನ ಹುಟ್ಟುಗುಣ. ಇದೇ ಗುಣದ ಒಂದು ಮಣ್ಣನ್ನು ಬೇರೆ ಬೇರೆ ದೇಶದ ಜನ ಗಣಿ ತೋಡಿ ತೆಗೆದು, ಒಣಗಿಸಿ, ಬೀಸಿ, ಚೀಲ ತುಂಬಿ ಮಾರುತ್ತಾರೆ. ಅದರ ಹೆಸರು ಬೆಂಟೋನೈಟ್.

ವಾಚನಾಲಯದ ಪುಸ್ತಕಕ್ಕೆ ಇತಿಹಾಸದ ಲೇಖನ ಕೊಡಿ ಅಂದಾಗ ಗುಡಿಯ ಬಗ್ಗೆ, ಮಠದ ಬಗ್ಗೆ, ಅಕ್ಕಲಕೋಟ ಸಂಸ್ಥಾನದ ಬಗ್ಗೆ ಬರೆಯುವವರು ನಮ್ಮಲ್ಲಿ ಇದ್ದಾರೆ. ನಾನು ಏಳನೇತ್ತೆ ಕಲಿತ ಒಕ್ಕಲಿಗ, ಹಂತಿ ಪದ, ಭಜನಿ ಪದ ಹಾಡುವವನು. ನನಗೆ ಗೊತ್ತಿರುವುದು ಮಣ್ಣು. ಅದಕ್ಕೇ ಮಣ್ಣಿನ ಇತಿಹಾಸ ಬರೆದಿದ್ದೇನೆ. ಇದನ್ನು ಬರೆಯಲು ಇನ್ನೂ ಒಂದು ಕಾರಣ ಇದೆ. ಕಾರ್ಖಾನಿಯವರು ರೊಕ್ಕ ಖರ್ಚು ಮಾಡಿ ಬೆಂಟೋನೈಟಿಗೆ ಏನು ಮಾಡುತ್ತಾರೋ, ಅದೇ ಕೆಲಸ ನಮ್ಮ ನೀರಾವರಿ ಹೊಲಗಳಾಗ ಸುಮ್ಮನೆ, ಯಾರಿಗೂ ತಿಳಿಯದಂತೆ ನಡೆದಿದೆ. ಅಲ್ಲಿ ಅದರಿಂದ ಲಾಭ, ಇಲ್ಲಿ ಅದರಿಂದ ಭೂಮಿ ಸಾಯುತ್ತದೆ. ಅದು ಹೇಗೆ ಅಂತ ತಿಳಿಯಬೇಕಾದರ ಮೊದಲಿನಿಂದ ಹೇಳಬೇಕು.

ಹೆಸರು ಬಂದ ಬಗೆ

ಈ ಮಣ್ಣಿನ ಒಳಗಿರುವ ಮುಖ್ಯ ಖನಿಜದ ಹೆಸರು ಮಾಂಟ್‌ಮೊರಿಲೊನೈಟ್. ಫ್ರಾನ್ಸ್ ದೇಶದಾಗ ಮಾಂಟ್‌ಮೊರಿಲೊನ್ ಅಂತ ಒಂದು ಊರು ಇದೆ. ಅಲ್ಲಿ ಸಿಕ್ಕ ಮಣ್ಣನ್ನು ಪರೀಕ್ಷೆ ಮಾಡಿ 1847ರಲ್ಲಿ ಊರಿನ ಹೆಸರನ್ನೇ ಖನಿಜಕ್ಕೆ ಇಟ್ಟರು. ಮುಂದೆ ಅಮೇರಿಕಾದ ವಯೋಮಿಂಗ್ ಪ್ರಾಂತದಾಗ ವಿಲಿಯಂ ಟೇಲರ್ ಅನ್ನುವವನು ಇಂಥದೇ ಮಣ್ಣು ತೋಡಿ ಮಾರಲು ಶುರು ಮಾಡಿದ. ಅಲ್ಲಿನ ವಿಶ್ವವಿದ್ಯಾಲಯದ ಭೂವಿಜ್ಞಾನದ ಪ್ರೊಫೆಸರ್ ವಿಲ್ಬರ್ ನೈಟ್ ಅವರು ಮೊದಲು ಇದಕ್ಕೆ ಟೇಲರೈಟ್ ಅಂತ ಹೆಸರು ಕೊಟ್ಟರು. ಆ ಹೆಸರು ಮೊದಲೇ ಬೇರೆ ಖನಿಜಕ್ಕೆ ಇದೆ ಅಂತ ಗೊತ್ತಾದ ಮೇಲೆ 1898ರಲ್ಲಿ ಬೆಂಟೋನೈಟ್ ಅಂತ ಬದಲಿಸಿದರು. ಆ ಮಣ್ಣು ಸಿಕ್ಕ ಕಲ್ಲಿನ ಪದರಿಗೆ ಫೋರ್ಟ್ ಬೆಂಟನ್ ಅನ್ನುವ ಕೋಟೆಯ ಹೆಸರು ಇತ್ತು, ಅದರಿಂದ ಈ ಹೆಸರು ಬಂತು.

ವಯೋಮಿಂಗ್ ಮಣ್ಣು ಹುಟ್ಟಿದ್ದು ಜ್ವಾಲಾಮುಖಿಯ ಬೂದಿಯಿಂದ. ಕೋಟಿಗಟ್ಟಲೆ ವರ್ಷಗಳ ಹಿಂದೆ ಅಲ್ಲಿ ಸಮುದ್ರ ಇತ್ತು. ಬೆಂಕಿಯ ಬೆಟ್ಟಗಳು ಕಾರಿದ ಬೂದಿ ಗಾಳಿಯಾಗ ಹಾರಿ ಬಂದು ಆ ನೀರಿನಾಗ ಬಿದ್ದು, ತಳದಾಗ ಪದರ ಪದರಾಗಿ ಕುಂತು, ನಿಧಾನಕ್ಕೆ ಮಣ್ಣಾಯಿತು. ಬೂದಿಯ ಮೇಲೆ ನೀರು ಬಹಳ ಕಾಲ ನಿಂತರ ಈ ಜಾತಿಯ ಮಣ್ಣು ಆಗುತ್ತದೆ.

ಒಂದೇ ಬೆಂಕಿಯ ಮಕ್ಕಳು

ನಮ್ಮ ಎರಿ ಮಣ್ಣಿಗೂ ಬೆಂಕಿಗೂ ಸಂಬಂಧ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಈ ದಖ್ಖನ್ ನೆಲ ಸೀಳಿ ಲಾವಾ ಹರಿಯಿತು. ಒಂದು ಸಲ ಅಲ್ಲ, ಮೇಲಿಂದ ಮೇಲೆ ಹರಿದು ಹೆಪ್ಪುಗಟ್ಟಿತು. ಪುಣೆ, ಸೋಲಾಪುರ, ಅಕ್ಕಲಕೋಟ, ಜತ್ತ, ವಿಜಯಪುರ, ಕಲಬುರಗಿ, ಈ ಎಲ್ಲ ಸೀಮಿಯಾಗ ಬಾವಿ ತೋಡುವಾಗ ಸಿಗುವ ಕರಿ ಕಲ್ಲು ಆ ಲಾವಾವೇ. ಅದರ ಮೇಲೆ ಬಿಸಿಲು, ಮಳಿ, ಗಾಳಿ ಬಿದ್ದು ಕಲ್ಲು ಮುರುಮ ಆಯಿತು, ಮುರುಮ ಮಣ್ಣಾಯಿತು. ಮಹಾರಾಷ್ಟ್ರ, ಕರ್ನಾಟಕ ಅಂತ ನಾವು ಗೆರಿ ಎಳೆದಿದ್ದು 1956 ಮತ್ತು 1960ರಾಗ. ಕಲ್ಲಿಗೆ ಆ ಗೆರಿ ಗೊತ್ತಿಲ್ಲ. ಗೆರಿಯ ಆ ಕಡೆ ಈ ಕಡೆ ಎರಡೂ ಕಡೆ ಎರಿ ಮಣ್ಣಿನ ಗುಣ ಒಂದೇ, ಬಿಳಿ ಜೋಳದ ರುಚಿಯೂ ಒಂದೇ.

ಎರಿ ಮಣ್ಣಿನಾಗ ಇರುವ ಜಿಗುಟು ಭಾಗ ಹೆಚ್ಚಾಗಿ ಅದೇ ಮಾಂಟ್‌ಮೊರಿಲೊನೈಟ್ ಜಾತಿಯದು. ಹಾಗಂತ ಎರಿ ಮಣ್ಣೇ ಬೆಂಟೋನೈಟ್ ಅಂತ ಯಾರೂ ತಿಳಿಯಬಾರದು. ಎರಿ ಮಣ್ಣಿನಾಗ ಮರಳು, ಸುಣ್ಣದ ಹರಳು, ಕೊಳೆತ ಕಸ, ಎಲ್ಲಾ ಕೂಡಿರುತ್ತದೆ. ಬೆಂಟೋನೈಟಿನಾಗ ಆ ಜಿಗುಟು ಖನಿಜವೇ ಬಹುಪಾಲು ಇರುತ್ತದೆ. ಮಜ್ಜಿಗಿಗೂ ಬೆಣ್ಣಿಗೂ ಇರುವಷ್ಟು ಫರಕು ಅಂತ ತಿಳಿದುಕೊಂಡರ ಸಾಕು.

ನಮ್ಮ ದೇಶದಾಗ ಬೆಂಟೋನೈಟ್ ಹೆಚ್ಚಾಗಿ ಸಿಗುವುದು ಗುಜರಾತಿನ ಕಚ್ಛ ಜಿಲ್ಲೆಯಾಗ ಮತ್ತು ರಾಜಸ್ಥಾನದ ಬಾಡಮೇರ ಜಿಲ್ಲೆಯಾಗ. ಕಚ್ಛದ ಮಣ್ಣು ಹುಟ್ಟಿದ್ದು ಇದೇ ದಖ್ಖನ್ ಲಾವಾದ ಕಲ್ಲಿನಿಂದ. ಒಂದೇ ಬೆಂಕಿ ಅಲ್ಲಿ ಬೆಂಟೋನೈಟ್ ಕೊಟ್ಟಿತು, ಇಲ್ಲಿ ಎರಿ ಹೊಲ ಕೊಟ್ಟಿತು. ಕಚ್ಛದ ಗಣಿ ಅಂದ್ರ ಕೋಲಾರದಂಗ ಪಾತಾಳಕ್ಕೆ ಇಳಿಯುವ ಗಣಿ ಅಲ್ಲ. ಮೇಲಿನ ಬೇಡಾದ ಮಣ್ಣು ಸರಿಸಿ, ಬಯಲಾಗಿ ತೋಡುತ್ತಾರೆ. ತೋಡಿದ ಹಸಿ ಮಣ್ಣನ್ನು ದೊಡ್ಡ ಬಯಲಿನಾಗ ಹರವಿ ಬಿಸಿಲಿಗೆ ಒಣಗಿಸುತ್ತಾರೆ. ನಾವು ರಾಶಿ ಮಾಡುವಾಗ ಕಣದಾಗ ಜೋಳ ಹರವಿ ಕೈಯಾಡಿಸಿದಂಗ, ಅಲ್ಲಿ ಟ್ರ್ಯಾಕ್ಟರಿನಿಂದ ಮಣ್ಣನ್ನು ಹೊರಳಿಸುತ್ತಾರೆ. ಒಣಗಿದ ಮೇಲೆ ಗಿರಣಿಗೆ ಹಾಕಿ ಹಿಟ್ಟು ಮಾಡಿ ಚೀಲ ತುಂಬುತ್ತಾರೆ. ಕಚ್ಛದ ಬಂದರಗಳಿಂದ ಹಡಗಿನಾಗ ಹೊರದೇಶಕ್ಕೂ ಹೋಗುತ್ತದೆ.

ರೊಟ್ಟಿಯ ಅಟ್ಟಿ

ಈ ಮಣ್ಣು ಯಾಕ ಉಬ್ಬುತ್ತದೆ ಅನ್ನುವುದು 1930ರ ದಶಕದಾಗ ಕ್ಷ-ಕಿರಣ ಹಾಯಿಸಿ ನೋಡಿದ ಮೇಲೆ ವಿಜ್ಞಾನಿಗಳಿಗೆ ಸ್ಪಷ್ಟ ಆಯಿತು. ಮಾಸ್ತರರು ಮಕ್ಕಳಿಗೆ ಹೇಳುವಾಗ ಕಡಕ್ ರೊಟ್ಟಿಯ ಅಟ್ಟಿ ನೆನಪು ಮಾಡಿಕೊಟ್ಟರ ತಿಳಿಯುತ್ತದೆ. ಈ ಖನಿಜದ ಒಂದೊಂದು ಕಣ ಅಂದ್ರ ಬಹಳ ತೆಳು ಹಾಳಿಗಳ ಅಟ್ಟಿ. ಒಂದು ಹಾಳಿಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದಾಗ ಒಂದು ಪಾಲು. ಈ ಹಾಳಿಗಳ ನಡುವೆ ನೀರು ಹೊಕ್ಕಿತು ಅಂದ್ರ ಹಾಳಿ ದೂರ ಸರಿಯುತ್ತವೆ, ಮಣ್ಣು ಉಬ್ಬುತ್ತದೆ. ನೀರು ಆರಿತು ಅಂದ್ರ ಹಾಳಿ ಹತ್ತಿರ ಬರುತ್ತವೆ, ಮಣ್ಣು ಕುಗ್ಗಿ ಬಿರುಕು ಬಿಡುತ್ತದೆ.

ಹಾಳಿ ಇಷ್ಟು ತೆಳು ಆಗಿದ್ದಕ್ಕೆ ಒಂದು ಗ್ರಾಂ ಮಣ್ಣಿನ ಎಲ್ಲ ಹಾಳಿಗಳನ್ನು ಬಿಡಿಸಿ ಅವುಗಳ ಎರಡೂ ಮೈ ಅಳೆದರ ಸುಮಾರು 750 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಾಗ ಏಳು ಗುಂಟೆಗಿಂತ ಹೆಚ್ಚು. ಐದು ಗ್ರಾಂ ಹಿಡಿಯುವ ಒಂದು ಚಮಚದಾಗ ಸುಮಾರು ಒಂದು ಎಕರೆಯಷ್ಟು ಮೈ ಅಡಗಿದೆ. ಅಷ್ಟೂ ಮೈಗೆ ನೀರು, ಉಪ್ಪು, ಎಣ್ಣಿಯ ಬಣ್ಣ, ಗೊಬ್ಬರದ ಅಂಶ ಹತ್ತಿಕೊಳ್ಳುತ್ತದೆ. ಎರಿ ಹೊಲ ಗೊಬ್ಬರವನ್ನೂ ಹಸಿಯನ್ನೂ ಹಿಡಿದು ಇಟ್ಟುಕೊಳ್ಳುವ ಗುಟ್ಟು ಇದೇ.

ಹಾಳಿಗಳ ನಡುವೆ ನೀರು ಒಂದೇ ಇರುವುದಿಲ್ಲ. ಸುಣ್ಣದ ಅಂಶ ಇರುತ್ತದೆ, ಇಲ್ಲಾ ಸೋಡಾದ ಅಂಶ ಇರುತ್ತದೆ. ಶಾಲೆಯ ಪುಸ್ತಕದಾಗ ಇವಕ್ಕೆ ಕ್ಯಾಲ್ಸಿಯಂ, ಸೋಡಿಯಂ ಅಂತಾರೆ. ಕ್ಯಾಲ್ಸಿಯಮ್ಮಿಗೆ ಎರಡು ಕೈ, ಸೋಡಿಯಮ್ಮಿಗೆ ಒಂದೇ ಕೈ ಅಂತ ತಿಳಿಯಿರಿ. ಎರಡು ಕೈ ಇರುವುದು ಮೇಲಿನ ಹಾಳಿ, ಕೆಳಗಿನ ಹಾಳಿ ಎರಡನ್ನೂ ಹಿಡಿದುಕೊಳ್ಳುತ್ತದೆ. ನೀರು ಬಂದರ ಸ್ವಲ್ಪ ಸಡಿಲ ಬಿಡುತ್ತದೆ, ಪೂರ್ತಿ ಬಿಡುವುದಿಲ್ಲ. ಒಂದೇ ಕೈ ಇರುವುದಕ್ಕೆ ಹಿಡಿತ ಸಾಲದು. ನೀರು ಬಂದರ ಹಾಳಿಗಳು ಒಂದರಿಂದ ಒಂದು ದೂರ ತೇಲಿ ಹೋಗುತ್ತವೆ. ಅದಕ್ಕೇ ಸೋಡಿಯಂ ಬೆಂಟೋನೈಟ್ ತನ್ನ ಒಣ ಗಾತ್ರದ ಹತ್ತು ಹದಿನೈದು ಪಟ್ಟು ಉಬ್ಬುತ್ತದೆ, ಬಳ್ಳಿಯ ಲೋಳೆಯಂಗ ಆಗುತ್ತದೆ, ತೂತು ಎಲ್ಲಾ ಮುಚ್ಚಿ ನೀರು ದಾಟದಂಗ ಮಾಡುತ್ತದೆ. ಕ್ಯಾಲ್ಸಿಯಂ ಬೆಂಟೋನೈಟ್ ಅಷ್ಟು ಉಬ್ಬುವುದಿಲ್ಲ.

ಈ ಎರಡು ಕೈ, ಒಂದು ಕೈ ಮಾತು ಓದುಗರು ಮರೆಯಬಾರದು. ಮುಂದಿನ ಎಲ್ಲಾ ಕತಿ ಇದರ ಮೇಲೆ ನಿಂತಿದೆ.

ಜಗತ್ತಿನಾಗ ಇದರ ಕೆಲಸ

1901ರ ಜನವರಿ 10ರಂದು ಅಮೇರಿಕಾದ ಟೆಕ್ಸಾಸಿನ ಸ್ಪಿಂಡಲ್‌ಟಾಪ್ ಅನ್ನುವ ದಿಬ್ಬದಾಗ ಭೂಮಿಯಿಂದ ಎಣ್ಣಿ ಚಿಮ್ಮಿತು. ಅಲ್ಲಿ ಕೊರೆಯುವಾಗ ಸಡಿಲ ಮರಳು ಕುಸಿದು ತೂತು ಮುಚ್ಚಿಹೋಗುತ್ತಿತ್ತು. ಕೊರೆಯುವವರು ದನಗಳನ್ನು ಒಂದು ಹೊಂಡಕ್ಕೆ ಇಳಿಸಿ ತುಳಿಸಿ, ನೀರನ್ನು ರಾಡಿ ಮಾಡಿ, ಆ ರಾಡಿಯನ್ನು ತೂತಿನಾಗ ಬಿಟ್ಟರು, ಆಗ ಗ್ವಾಡಿ ನಿಂತಿತು ಅಂತ ಎಣ್ಣಿ ಬಾವಿಯವರು ಹೇಳುತ್ತಾ ಬಂದಿದ್ದಾರೆ. ಮುಂದೆ ದನ ತುಳಿದ ರಾಡಿಯ ಜಾಗಕ್ಕೆ ಬೆಂಟೋನೈಟ್ ಬಂತು. ಆ ರಾಡಿ ಕೊರೆದ ಕಲ್ಲಿನ ಪುಡಿಯನ್ನು ಹೊತ್ತುಕೊಂಡು ಮೇಲೆ ತರುತ್ತದೆ, ಕೊರೆಯುವ ಮೂತಿಯನ್ನು ತಂಪು ಮಾಡುತ್ತದೆ, ತೂತಿನ ಗ್ವಾಡಿಗೆ ಲೇಪ ಕೊಟ್ಟು ಹಿಡಿಯುತ್ತದೆ. ಇದರಾಗ ಇನ್ನೊಂದು ಚಮತ್ಕಾರ ಇದೆ. ತಿರುಗುತ್ತಿರುವ ತನಕ ನೀರಿನಂಗ ಹರಿಯುತ್ತದೆ, ನಿಲ್ಲಿಸಿದರ ಹೆಪ್ಪಾಗಿ ಪುಡಿಯನ್ನು ತಳಕ್ಕೆ ಬೀಳಗೊಡದೆ ಹಿಡಿದುಕೊಳ್ಳುತ್ತದೆ. ಮತ್ತೆ ತಿರುಗಿಸಿದರ ಮತ್ತೆ ಹರಿಯುತ್ತದೆ.

ಇದೇ ವಿದ್ಯೆಯನ್ನು ಕಟ್ಟಡದವರೂ ಹಿಡಿದರು. 1950ರ ದಶಕದಾಗ ಇಟಲಿಯ ಮಿಲಾನ್ ನಗರದ ಮೆಟ್ರೋ ಕಟ್ಟುವಾಗ, ಆಳವಾದ ಕಂದಕ ತೋಡುತ್ತಾ ಅದರ ತುಂಬ ಬೆಂಟೋನೈಟ್ ರಾಡಿ ತುಂಬಿದರು. ರಾಡಿಯ ಒತ್ತಿಗೆ ಕಂದಕದ ಗ್ವಾಡಿ ಕುಸಿಯಲಿಲ್ಲ. ಆಮೇಲೆ ತಳದಿಂದ ಕಾಂಕ್ರೀಟು ತುಂಬುತ್ತಾ ಬಂದರು, ರಾಡಿ ಮೇಲೆ ಬಂತು, ಅದನ್ನು ಮತ್ತೆ ಬಳಸಿದರು. ನೆಲದೊಳಗಿನ ಮೆಟ್ರೋ ನಿಲ್ದಾಣಗಳಿಗೆ ಈಗಲೂ ಇಂಥ ಗ್ವಾಡಿಗಳನ್ನು ಕಟ್ಟುತ್ತಾರೆ.

ನಮಗೆ ಹತ್ತಿರದ ಕೆಲಸ ಅಂದ್ರ ಎರಕದ ಕಾರ್ಖಾನಿಗಳದು. ಕೊಲ್ಹಾಪುರ, ಬೆಳಗಾವಿ ಎರಡೂ ಊರಾಗ ಎರಕದ ಕಾರ್ಖಾನಿ ಬಹಳ. ಅಲ್ಲಿ ಮರಳಿಗೆ ಸ್ವಲ್ಪ ಬೆಂಟೋನೈಟ್ ಮತ್ತು ನೀರು ಕಲಸಿ ಅಚ್ಚು ಮಾಡುತ್ತಾರೆ, ಅದರಾಗ ಕರಗಿದ ಕಬ್ಬಿಣ ಸುರಿಯುತ್ತಾರೆ. ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವುದು ಆ ಮಣ್ಣೇ. ನಮ್ಮ ಟ್ರ್ಯಾಕ್ಟರಿನ ಎಷ್ಟೋ ಭಾಗ, ನೀರೆತ್ತುವ ಪಂಪಿನ ಬಾಡಿ, ಇಂಥ ಅಚ್ಚಿನಾಗ ಹುಟ್ಟಿದ್ದು. ಕಬ್ಬಿಣದ ಅದಿರಿನ ಸಣ್ಣ ಪುಡಿಯನ್ನು ಉಂಡಿ ಕಟ್ಟುವ ಕಾರ್ಖಾನಿಗಳಾಗ ನೂರು ಕಿಲೋ ಅದಿರಿಗೆ ಒಂದು ಕಿಲೋ, ಇಲ್ಲಾ ಅದಕ್ಕೂ ಕಡಿಮಿ ಬೆಂಟೋನೈಟ್ ಹಾಕುತ್ತಾರೆ. ಅಷ್ಟಕ್ಕೇ ಉಂಡಿ ಗಟ್ಟಿ ನಿಲ್ಲುತ್ತದೆ. ಎಣ್ಣಿ ಗಿರಣಿಗಳಾಗ ಆಮ್ಲ ಹಾಕಿ ಹದ ಮಾಡಿದ ಈ ಮಣ್ಣಿನಿಂದ ಎಣ್ಣಿಯ ಬಣ್ಣ ತೆಗೆಯುತ್ತಾರೆ. ಅಂಗಡಿಯ ಪಾಕೀಟಿನಾಗ ಎಣ್ಣಿ ನೀರಿನಂಗ ತಿಳಿ ಕಾಣುವುದಕ್ಕೆ ಇದೂ ಒಂದು ಕಾರಣ. ಕರೆಂಟಿನ ಅರ್ಥಿಂಗ್ ಹೊಂಡಕ್ಕೂ ಇದನ್ನು ತುಂಬುತ್ತಾರೆ, ಹಸಿ ಹಿಡಿದು ಇಟ್ಟುಕೊಳ್ಳುತ್ತದೆ ಅಂತ. ಕೆರಿಯ ತಳ, ಕಸದ ಹೊಂಡದ ತಳ ಸೋರದಂಗ ಮಾಡಲಿಕ್ಕೂ ಬಳಸುತ್ತಾರೆ. ಫಿನ್‌ಲ್ಯಾಂಡ್ ದೇಶದಾಗ ಅಣು ವಿದ್ಯುತ್ ಕೇಂದ್ರದ ವಿಷದ ಕಸ ಹೂಳಲು ಕಲ್ಲಿನಾಗ 400 ಮೀಟರಿಗಿಂತ ಆಳ ಸುರಂಗ ಕೊರೆದಿದ್ದಾರೆ. ಕಸ ತುಂಬಿದ ತಾಮ್ರದ ಕೊಳವಿಯ ಸುತ್ತ ಬೆಂಟೋನೈಟ್ ಇಟ್ಟು ಮುಚ್ಚುವ ಯೋಜನೆ ಅದು. ಲಕ್ಷ ವರ್ಷ ನೀರು ಹೊಗಬಾರದು ಅನ್ನುವ ಜಾಗಕ್ಕೆ ಕೊನಿಗೆ ಅವರು ನೆಚ್ಚಿಕೊಂಡಿದ್ದು ಮಣ್ಣನ್ನೇ.

ಇವುಗಳಾಗ ಬಹಳ ಕೆಲಸಕ್ಕೆ ಸೋಡಿಯಂ ಜಾತಿಯೇ ಬೇಕು. ಆದರ ಜಗತ್ತಿನಾಗ ಹೆಚ್ಚು ಕಡೆ ಸಿಗುವುದು ಕ್ಯಾಲ್ಸಿಯಂ ಜಾತಿ. ಅದಕ್ಕೆ 1930ರ ದಶಕದಾಗ ಜರ್ಮನಿಯಲ್ಲಿ ಒಂದು ಉಪಾಯ ಕಂಡುಹಿಡಿದರು. ಹಸಿ ಮಣ್ಣಿಗೆ ಬಟ್ಟಿ ಸೋಡಾ ಕಲಸಿ ನಾದುವುದು. ಸೋಡಾದಾಗಿನ ಸೋಡಿಯಂ ಒಳಗೆ ಹೋಗಿ ಕ್ಯಾಲ್ಸಿಯಮ್ಮನ್ನು ಹೊರಗೆ ಹಾಕುತ್ತದೆ. ಎರಡು ಕೈಯವನನ್ನು ಎಬ್ಬಿಸಿ ಒಂದು ಕೈಯವನನ್ನು ಕೂಡಿಸಿದಂಗ. ಮಣ್ಣು ಹೆಚ್ಚು ಉಬ್ಬುತ್ತದೆ, ನೀರು ಬಿಡುವುದಿಲ್ಲ, ಬೆಲೆಯೂ ಏರುತ್ತದೆ. ಕಚ್ಛದಾಗಲೂ ಇದನ್ನು ಮಾಡುತ್ತಾರೆ.

ಮಾಳಿಗಿಯ ಮೇಲಿನ ಮಣ್ಣು

ಸೋಡಾ ಇರುವ ಮಣ್ಣು ನೀರು ತಡೆಯುತ್ತದೆ ಅನ್ನುವ ವಿದ್ಯೆ ನಮ್ಮ ಹಿರ್ಯಾರಿಗೆ ಜರ್ಮನಿಯವರಿಗಿಂತ ಬಹಳ ಮೊದಲೇ ಗೊತ್ತಿತ್ತು. ಇದು ಬಡಾಯಿ ಮಾತಲ್ಲ, ನಮ್ಮ ಮಾಳಿಗಿ ಮನಿಗಳೇ ಸಾಕ್ಷಿ. ಕಲ್ಲಿನ ಗ್ವಾಡಿ, ತೊಲಿ, ಜಂತಿ, ಅದರ ಮೇಲೆ ಸಣ್ಣ ಕಟಗಿ, ತಪ್ಪಲು, ಅದರ ಮೇಲೆ ಕಲಸಿದ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಎರಿ ಮಣ್ಣನ್ನು ಮಾತ್ರ ಮಾಳಿಗಿಯ ಮೇಲ್ಪದರಕ್ಕೆ ಯಾರೂ ಹಾಕುತ್ತಿರಲಿಲ್ಲ. ಅದು ಬ್ಯಾಸಗಿಯಾಗ ಬಿರುಕು ಬಿಟ್ಟು ಮೊದಲ ಮಳಿಗೇ ಮನಿ ತುಂಬ ಸೋರುತ್ತದೆ. ಏನೂ ಬೆಳೆಯದ ಸವಳು ಜಾಗಕ್ಕೆ ಗಾಡಿ ಹೂಡಿಕೊಂಡು ಹೋಗಿ ಆ ಮಣ್ಣು ತರುತ್ತಿದ್ದರು. ಹಾಳೂರಿನ ಬಿಳಿ ಮಣ್ಣನ್ನೂ ಹಾಕುವ ರೂಢಿ ಇತ್ತು. ಮಳಿ ಬಿದ್ದ ಕೂಡಲೇ ಸವಳು ಮಣ್ಣಿನ ಸಣ್ಣ ಕಣ ಬಿಡಿ ಬಿಡಿ ಆಗಿ, ಸಂದಿಗೆಲ್ಲಾ ಹೊಕ್ಕು ಮುಚ್ಚಿಬಿಡುತ್ತಿದ್ದವು. ಮೇಲಿನ ಎರಡು ಬೆರಳು ಮಣ್ಣು ತೊಯ್ದು ರಾಡಿ ಆದರೂ ಕೆಳಗಿನದು ಒಣಗಿಯೇ ಇರುತ್ತಿತ್ತು. ಒಂದು ಕೈಯವನ ಕೆಲಸ ಅದು.

ಅಗಸರು ಬಟ್ಟಿ ಒಗೆಯಲು ಒಯ್ಯುತ್ತಿದ್ದದ್ದೂ ಸವಳು ಮಣ್ಣನ್ನೇ. ಅದರಾಗ ಸೋಡಾ ಇದೆ ಅಂತ ಅವರಿಗೆ ಪುಸ್ತಕ ಹೇಳಿರಲಿಲ್ಲ, ಕೈ ಹೇಳಿತ್ತು. ಹೆಣ್ಣುಮಕ್ಕಳು ತಲಿ ತೊಳೆಯಲು ಎರಿ ಮಣ್ಣು ನೆನೆಸಿ ಹಚ್ಚಿಕೊಳ್ಳುತ್ತಿದ್ದರು, ಜಿಡ್ಡು ಹೀರಿಕೊಳ್ಳುತ್ತದೆ ಅಂತ. ಎಣ್ಣಿ ಗಿರಣಿಯಾಗ ಬೆಂಟೋನೈಟ್ ಮಾಡುವುದೂ ಇದಕ್ಕೆ ಹತ್ತಿರದ ಕೆಲಸವೇ. ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡುವಾಗ, ಆಷಾಢದಾಗ ಗುಳ್ಳವ್ವನ್ನ ಮಾಡುವಾಗ ಎರಿ ಮಣ್ಣು ಕೈಗೆ ಬೆಣ್ಣಿಯಂಗ ಬಗ್ಗುತ್ತದೆ, ಎರಡು ದಿನಕ್ಕೆ ಸೀಳುತ್ತದೆ. ಅದಕ್ಕೇ ಕುಂಬಾರ ಬರೇ ಎರಿ ಮಣ್ಣಿನಿಂದ ಗಡಿಗಿ ಮಾಡುವುದಿಲ್ಲ. ಮರಳು, ಬೂದಿ, ಲದ್ದಿ ಕೂಡಿಸುತ್ತಾನೆ.

ಮಾಳಿಗಿಯ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರ ಇತಿಹಾಸ ಅರ್ಧ ಆಗುತ್ತದೆ. ವರ್ಷಕ್ಕೊಮ್ಮೆ ಮಳಿಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುವ ಪದ್ಧತಿ ಇತ್ತು. ಹಳೆಯದನ್ನು ತೆಗೆಯುತ್ತಿರಲಿಲ್ಲ. ಹತ್ತು ಇಪ್ಪತ್ತು ವರ್ಷಕ್ಕೆ ಮಾಳಿಗಿಯ ಭಾರ ಬಹಳ ಆಗುತ್ತಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಜನ ಮಲಗಿದ ಹೊತ್ತಿನಾಗ, ಕಿಲ್ಲಾರಿ ಭೂಕಂಪ ಆಯಿತು. ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳಾಗ ಸಾವಿರಾರು ಜನ ಸತ್ತರು. ಮಣ್ಣಿನಾಗ ಕಟ್ಟಿದ ದಪ್ಪ ಕಲ್ಲಿನ ಗ್ವಾಡಿ ಮತ್ತು ಮೇಲಿನ ಮಣ್ಣಿನ ಭಾರ ಇವೆರಡೂ ಕೂಡಿ ಮಲಗಿದ್ದವರ ಮೇಲೆ ಬಿದ್ದವು. ನಮ್ಮ ಸೀಮಿಯಾಗೂ ನೆಲ ನಡುಗಿತು. ಅಲ್ಲಿಂದ ಈಚೆಗೆ ಜನ ಪತ್ರಾ ಹಾಕಿದರು, ಕೈಯಾಗ ರೊಕ್ಕ ಇದ್ದವರು ಸ್ಲ್ಯಾಬ್ ಹಾಕಿದರು. ಸರಿಯೇ ಮಾಡಿದರು. ಬ್ಯಾಸಗಿಯ ತಂಪು ಹೋಯಿತು ಅಂತ ಮುದುಕರು ಗೊಣಗುತ್ತಾರೆ, ಆದರ ಜೀವಕ್ಕಿಂತ ತಂಪು ದೊಡ್ಡದಲ್ಲ. ಹೋದದ್ದು ತಂಪು ಒಂದೇ ಅಲ್ಲ. ಯಾವ ಮಣ್ಣು ನೀರು ಬಿಡುತ್ತದೆ, ಯಾವುದು ಬಿಡುವುದಿಲ್ಲ ಅನ್ನುವ ತಿಳಿವಳಿಕೆಯೂ ಮಾಳಿಗಿಯ ಜೋಡಿ ಹೋಯಿತು. ಆ ತಿಳಿವಳಿಕೆ ಈಗ ಹೊಲಕ್ಕೆ ಬೇಕಾಗಿದೆ.

ಸ್ಲ್ಯಾಬ್ ಮನಿಗೂ ಎರಿ ಮಣ್ಣು ಬಿಡುವುದಿಲ್ಲ. ಎರಿಯ ಮೇಲೆ ಸಣ್ಣ ಪಾಯಾ ಹಾಕಿ ಕಟ್ಟಿದ ಗ್ವಾಡಿ ಮಳಿಗಾಲದಾಗ ಏಳುತ್ತದೆ, ಬ್ಯಾಸಗಿಯಾಗ ಇಳಿಯುತ್ತದೆ, ಮೂಲಿ ಮೂಲಿಗೆ ಸೀಳುತ್ತದೆ. ಪಾಯಾ ಮುರುಮದ ತನಕ ಇಳಿಯಬೇಕು ಅಂತ ಗೌಂಡಿಗಳು ಹೇಳುವುದು ಇದಕ್ಕೇ. ಇಂಥ ನೆಲಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಾಗ ಗಡ್ಡಿಯಂಗ ಉಬ್ಬಿದ ಕಾಂಕ್ರೀಟು ಕಂಬದ ಪಾಯಾ ತಯಾರು ಮಾಡಿ ಕೊಟ್ಟರು.

ಹೊಲ ಸವಳಾಗುವುದು

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಎರಿ ಹೊಲದ ಜಿಗುಟು ಮಣ್ಣಿನಾಗ ಹುಟ್ಟಿನಿಂದ ಇರುವುದು ಹೆಚ್ಚಾಗಿ ಎರಡು ಕೈಯ ಕ್ಯಾಲ್ಸಿಯಂ. ಹೊಲದಾಗ ಸಿಗುವ ಬಿಳಿ ಸುಣ್ಣದ ಹರಳು ಅದರ ಗುರುತು. ಅದಕ್ಕೇ ನಮ್ಮ ಮಣ್ಣು ಒಣಗಿದಾಗ ಕಾಳು ಕಾಳಾಗಿ ಉದುರುತ್ತದೆ, ಆ ಕಾಳು ಬಿರುಕಿನಾಗ ಬೀಳುತ್ತದೆ, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗುತ್ತದೆ. ತನ್ನನ್ನು ತಾನೇ ಹೂಡಿಕೊಳ್ಳುವ ಹೊಲ ಅದು. ಮಳಿ ನೀರು ಒಳಗೆ ಇಳಿಯುತ್ತದೆ, ಒಳಗೇ ಉಳಿಯುತ್ತದೆ. ಆ ಹಸಿಯ ಮೇಲೆಯೇ ಹಿಂಗಾರಿ ಬಿಳಿ ಜೋಳ ಬೆಳೆಯುತ್ತೇವೆ. ನಮ್ಮ ಜಿಲ್ಲೆಯ ಮೋಹೋಳದಾಗ ಆರಿಸಿ ತೆಗೆದ ಮಾಲದಂಡಿ ಜೋಳ ಬಿತ್ತಿದ ಮೇಲೆ ಮಳಿ ಇಲ್ಲದೆಯೂ ತೆನಿ ಕಟ್ಟುವುದು ಈ ಮಣ್ಣಿನ ದಯೆಯಿಂದ. ಮಳಿಯ ಆಸರದ ಇಂಥ ಒಕ್ಕಲುತನದ ಅಭ್ಯಾಸಕ್ಕೆ ಅಂತಲೇ 1933ರಲ್ಲಿ ಸೋಲಾಪುರದಾಗ ಸಂಶೋಧನಾ ಕೇಂದ್ರ ಶುರು ಆಯಿತು.

ಇಂಥ ಹೊಲಕ್ಕೆ ಮೇಲಿಂದ ಮೇಲೆ ನೀರು ಹಾಯಿಸಿ, ಆ ನೀರು ಹೊರಗೆ ಹೋಗಲು ದಾರಿ ಇಲ್ಲದಿದ್ದರ ಏನಾಗುತ್ತದೆ? ನೆಲದೊಳಗಿನ ನೀರಿನ ಮಟ್ಟ ಮೇಲೆ ಬರುತ್ತದೆ. ಅದರ ಜೋಡಿ ಆಳದ ಉಪ್ಪು, ಸೋಡಾ ಮೇಲೆ ಬರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಸವಳು ಬಾವಿಯ ನೀರು, ಬೋರಿನ ಚಪ್ಪೆ ನೀರು ಹಾಯಿಸಿದರ ಇನ್ನೂ ಬೇಗ. ಬರಬರುತ್ತಾ ಹಾಳಿಗಳ ನಡುವೆ ಇದ್ದ ಕ್ಯಾಲ್ಸಿಯಂ ಏಳುತ್ತದೆ, ಸೋಡಿಯಂ ಕೂಡುತ್ತದೆ. ಜರ್ಮನಿಯವರು ಸೋಡಾ ಹಾಕಿ ನಾದಿದ ಕೆಲಸವೇ ಇದು. ಕಾರ್ಖಾನಿಯಾಗ ಒಂದೆರಡು ದಿನಕ್ಕೆ ಆಗುವುದು ಹೊಲದಾಗ ಹತ್ತು ಹದಿನೈದು ವರ್ಷಕ್ಕೆ ಆಗುತ್ತದೆ. ಆಮೇಲೆ ಹೊಲದ ಮಣ್ಣು ಮಾಳಿಗಿಯ ಮಣ್ಣಿನಂಗ ಆಗುತ್ತದೆ. ನೀರು ಹಾಯಿಸಿದರ ಒಳಗೆ ಇಳಿಯುವುದಿಲ್ಲ, ಮೇಲೆಯೇ ನಿಲ್ಲುತ್ತದೆ. ಒಣಗಿದರ ಕಲ್ಲಾಗುತ್ತದೆ, ಕುಂಟಿ ಹೊಗುವುದಿಲ್ಲ. ಬೀಜ ಮೊಳಕಿ ಒಡೆದರೂ ಮೇಲಿನ ಹೆಪ್ಪು ಸೀಳಿ ಬರುವುದಿಲ್ಲ. ಬೇರಿಗೆ ಗಾಳಿ ಸಿಗುವುದಿಲ್ಲ. ಮರಾಠಿಯವರು ಇಂಥದಕ್ಕೆ ಚೋಪಣ ಜಮೀನು ಅಂತಾರೆ.

ಇದು ನಿನ್ನೆ ಮೊನ್ನೆಯ ಕತಿ ಅಲ್ಲ. 1880ರ ದಶಕದಾಗ ಇಂಗ್ರೇಜ ಸರ್ಕಾರ ನೀರಾ ಹೊಳಿಗೆ ಕಾಲುವಿ ಮಾಡಿತು. ಬರಗಾಲ ತಡೆಯಬೇಕು ಅಂತ ಒಳ್ಳೆ ಉದ್ದೇಶದಿಂದಲೇ ಮಾಡಿದರು. ಕಬ್ಬು ಬಂತು, ರೊಕ್ಕ ಬಂತು. ಇಪ್ಪತ್ತು ಇಪ್ಪತ್ತೈದು ವರ್ಷದಾಗ ಸವಳೂ ಬಂತು. ಪುಣೆಯ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ಮತ್ತು ತಾಮ್ಹಾಣೆ ಅವರು ಆ ಹೊಲಗಳನ್ನು ಅಭ್ಯಾಸ ಮಾಡಿ 1910ರಲ್ಲಿ ನೀರಾ ಕಣಿವೆಯ ಸವಳು ಭೂಮಿಯ ಮೇಲೆ ಪುಸ್ತಿಕೆ ಪ್ರಕಟ ಮಾಡಿದರು. ಆ ನೀರಾ ಹೊಳಿ ಮುಂದೆ ನಮ್ಮ ಭೀಮಾ ಹೊಳಿಗೇ ಕೂಡುತ್ತದೆ. ನಮ್ಮ ಜಿಲ್ಲೆಗೆ ಉಜನಿ ಅಣೆಕಟ್ಟು ಮುಗಿದದ್ದು 1980ರಾಗ. ಅದರ ನೀರಿನಿಂದ ಸೋಲಾಪುರ ಜಿಲ್ಲೆ ಸಕ್ಕರಿ ಕಾರ್ಖಾನಿಗಳ ಜಿಲ್ಲೆ ಆಯಿತು. ನೀರು ಬೇಡ ಅಂತ ನಾನು ಹೇಳುವುದಿಲ್ಲ. ನೀರಿಗಾಗಿ ಗುಳೆ ಹೋದವರ ಸೀಮಿ ಇದು, ನೀರು ಬಂದರ ಪುಣ್ಯ. ನೀರು ಬರುವ ದಾರಿ ಮಾಡಿದವರು ಹೋಗುವ ದಾರಿಯನ್ನೂ ಮಾಡಬೇಕು ಅನ್ನುವುದು ನೂರು ವರ್ಷದ ಹಿಂದೆಯೇ ನೀರಾ ಕಾಲುವಿ ಕಲಿಸಿದ ಪಾಠ. ಅಷ್ಟು ಮಾತ್ರ ಹೇಳುತ್ತೇನೆ.

ಉಪಾಯ

ಸವಳಿನಾಗ ಎರಡು ಬಗೆ ಇದೆ, ಎರಡಕ್ಕೂ ಒಂದೇ ಮದ್ದು ಅಲ್ಲ. ಬರೇ ಉಪ್ಪು ಏರಿದ ಹೊಲದಾಗ ಬಿಳಿ ಪುಡಿ ಕಾಣುತ್ತದೆ, ಮಣ್ಣು ಇನ್ನೂ ಸಡಿಲ ಇರುತ್ತದೆ. ಅದಕ್ಕೆ ಚರಂಡಿ ತೋಡಿ ಒಳ್ಳೆ ನೀರಿನಿಂದ ತೊಳೆದರ ಸುಧಾರಿಸುತ್ತದೆ. ಸೋಡಿಯಂ ಒಳಗೆ ಕುಂತ ಹೊಲಕ್ಕೆ ಬರೇ ತೊಳೆದರ ಆಗುವುದಿಲ್ಲ. ಅಲ್ಲಿ ಕ್ಯಾಲ್ಸಿಯಮ್ಮನ್ನು ಮತ್ತೆ ಕರೆತರಬೇಕು. ಜಿಪ್ಸಮ್ ಹಾಕುವುದು ಅದಕ್ಕೇ. ಜಿಪ್ಸಮ್ಮಿನ ಕ್ಯಾಲ್ಸಿಯಂ ಒಳಗೆ ಹೋಗಿ ಸೋಡಿಯಮ್ಮನ್ನು ಎಬ್ಬಿಸುತ್ತದೆ. ಎದ್ದ ಸೋಡಿಯಂ ನೀರಿನ ಜೋಡಿ ಹೊರಗೆ ಹೋಗಬೇಕು, ಅದಕ್ಕೆ ಮೊದಲು ಚರಂಡಿ ಇರಬೇಕು. ಚರಂಡಿ ಇಲ್ಲದೆ ಹಾಕಿದ ಜಿಪ್ಸಮ್ ರೊಕ್ಕ ನೀರಿಗೆ ಹಾಕಿದಂಗ. ಎಷ್ಟು ಹಾಕಬೇಕು ಅನ್ನುವುದು ಮಣ್ಣು ಪರೀಕ್ಷೆಯ ಮೇಲೆ ಹೋಗುತ್ತದೆ, ನೆರಿಮನಿಯವನು ಹಾಕಿದಷ್ಟು ಅಂತ ಹಾಕಬಾರದು. ಕೊಟ್ಟಿಗಿ ಗೊಬ್ಬರ, ಹಸಿರೆಲೆ ಗೊಬ್ಬರವೂ ಬೇಕು. ಧೈಂಚಾ ಸವಳಿನಾಗೂ ಬೆಳೆಯುತ್ತದೆ, ಅದನ್ನು ಬೆಳೆದು ಹೊಲದಾಗೇ ಮುಚ್ಚಬಹುದು.

ಶಾಲಿಯ ಮಾಸ್ತರರಿಗೆ ಒಂದು ವಿನಂತಿ. ಮಕ್ಕಳಿಂದ ಈ ಸಣ್ಣ ಪರೀಕ್ಷೆ ಮಾಡಿಸಿರಿ. ತಮ್ಮ ತಮ್ಮ ಹೊಲದ ಒಣ ಹೆಂಟಿಯಿಂದ ಬಟಾಣಿ ಕಾಳಿನಷ್ಟು ಒಂದು ತುಣುಕು ತರಲಿ. ಗಾಜಿನ ಲೋಟದಾಗ ಮಳಿ ನೀರು ತುಂಬಿ, ತುಣುಕನ್ನು ಮೆಲ್ಲಗೆ ತಳಕ್ಕೆ ಬಿಡಲಿ. ಅಲುಗಾಡಿಸಬಾರದು. ಮರುದಿನ ನೋಡಲಿ. ತುಣುಕು ಒಡೆದು ಕಾಳು ಕಾಳಾಗಿ ಬಿದ್ದು ನೀರು ತಿಳಿ ಇದ್ದರ ಮಣ್ಣಿನಾಗ ಎರಡು ಕೈಯವನು ಇದ್ದಾನೆ. ತುಣುಕಿನ ಸುತ್ತ ಹಾಲಿನಂಗ ಮಬ್ಬು ಎದ್ದು, ನೀರು ರಾಡಿಯಾಗಿಯೇ ಉಳಿದರ ಒಂದು ಕೈಯವನು ಒಳಗೆ ಬಂದು ಕುಂತಿದ್ದಾನೆ. ಉಪ್ಪು ಬಹಳ ಇರುವ ಮಣ್ಣಿನಾಗ ಮಾತ್ರ ಸೋಡಿಯಂ ಇದ್ದರೂ ನೀರು ತಿಳಿ ಕಾಣಬಹುದು. ಅದಕ್ಕೇ ಈ ಪರೀಕ್ಷೆ ಒಂದೇ ಸಾಲದು, ಸಂಶಯ ಬಂದ ಹೊಲದ ಮಣ್ಣು ಮತ್ತು ಬಾವಿಯ ನೀರು ಎರಡನ್ನೂ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬೇಕು.

ನಮ್ಮ ಹಂತಿ ಪದದಾಗ, ಬೀಸುವ ಪದದಾಗ ಭೂಮಿಗೆ ತಾಯಿ ಅಂತೇವೆ. ಎಳ್ಳಮಾಸಿಗೆ ಚರಗ ಚೆಲ್ಲಿ ಉಡಿ ತುಂಬುತ್ತೇವೆ. ತಾಯಿ ಅಂದ ಮೇಲೆ ಆಕಿಯ ಮೈಯಾಗ ಏನು ನಡೆದಿದೆ ಅಂತ ತಿಳಿದುಕೊಳ್ಳುವುದೂ ಮಕ್ಕಳ ಕೆಲಸ. ಮಾರುವವರಿಗೆ ಈ ಮಣ್ಣು ಚೀಲಕ್ಕೆ ಇಷ್ಟು ಅಂತ ಬೆಲೆ ಇದೆ. ನಮಗೆ ಅದು ಪ್ರತಿ ವರ್ಷ ಜೋಳ ಕೊಡುತ್ತದೆ, ದನಕ್ಕೆ ಕಣಿಕಿ ಕೊಡುತ್ತದೆ. ಅದು ಹಾಗೇ ಕೊಡುತ್ತಾ ಇರಬೇಕಾದರ ಎರಡು ಕೈಯವನನ್ನು ಹೊಲದಾಗ ಉಳಿಸಿಕೊಳ್ಳಬೇಕು, ನೀರಿಗೆ ಹೋಗುವ ದಾರಿ ಬಿಡಬೇಕು. ಈ ವರ್ಷ ಬ್ಯಾಸಗಿಯಾಗ ನಿಮ್ಮ ಹೊಲದ ತಗ್ಗಿನ ಮೂಲಿಯನ್ನು ಒಮ್ಮೆ ಹೋಗಿ ನೋಡಿರಿ. ಸವಳು ಮೊದಲು ಹುಟ್ಟುವುದು ಅಲ್ಲೇ.